ಏಳು ಬಟ್ಟಲು ಉಪ್ಪಿನ ಚಹಾ

ಕೊಲ್ಲಿ ದೇಶದ ಮದೀನತ್ ಸುಲ್ತಾನ್ ಖಾಬೂಸಿನ ನಮ್ಮ ಕಟ್ಟಡದಲ್ಲಿ, ನಮ್ಮ ಕೆಳಗಿನ ಮನೆಯವಳು ಲಡಾಖಿನ ಟೀಚರು. ಕಳೆದ ಚಳಿಗಾಲಕ್ಕೆ ಮೊದಲೇ ತಾಯಿಯನ್ನು ಝನ್ಸ್ಕಾರ್ ಕಣಿವೆಯಿಂದ ಕರೆತಂದಳು. ಅಲ್ಲಿ ಹಿಮ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತದಂತೆ. ದನಕುರಿಗಳನ್ನು ಕೆಳಗೆ ಕಟ್ಟಿ, ಅವುಗಳ ಬಿಸಿಗೆ ಜನ ಮೇಲೆ ಮಲಗುತ್ತಾರಂತೆ. ಇಲ್ಲಿಯಾದರೂ ಅಮ್ಮ ಬೆಚ್ಚಗಿರಲಿ ಎಂದು ಮಗಳ ಆಸೆ. ಅಮ್ಮನೋ, ಬಂದವಳೇ ಏಸಿಯನ್ನು ಹದಿನಾರಕ್ಕೆ ಇಳಿಸಿ, ಉಣ್ಣೆಯ ನಿಲುವಂಗಿ ತೊಟ್ಟು ಕೂತಳು.

ಹತ್ತೇ ದಿನಕ್ಕೆ ಟೀಚರು ನಮ್ಮ ಬಾಗಿಲಿಗೆ ಬಂದಳು. "ದಾರಿ ಮುಚ್ಚುವುದರೊಳಗೆ ಕಳಿಸು ಅಂತ ಅಮ್ಮ ಹಟ ಹಿಡಿದಿದ್ದಾಳೆ, ದೀದಿ. ಒಬ್ಬರೂ ಚಹಾಕ್ಕೆ ಬಾರದ ಇದೆಂಥ ಮನೆ ಅಂತಾಳೆ. ಹೇಗೆ ಕಳಿಸಲಿ? ಹೋದ ವರ್ಷ ಅಲ್ಲಿ ನೀರು ತರಲು ಹೋಗಿ ಮಂಜುಗಡ್ಡೆಯ ಮೇಲೆ ಬಿದ್ದವಳು ಎರಡು ತಿಂಗಳು ಏಳಲಿಲ್ಲ. ಒಂದು ಸಲ ಬಂದು ಹೋಗಿ" ಎಂದಳು. ಕಣ್ಣು ತುಂಬಿತ್ತು.

ನಾನು ಧಾರವಾಡದ ಕಡೆಯವಳು. ಚಹಾ ಎಂದರೆ ಎರಡು ಸಲ ಕರೆಸಿಕೊಳ್ಳುವವಳಲ್ಲ. ಆದರೆ ಕೆಳಗೆ ಹೋಗಿ ಕೂತರೆ, ಆ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪು, ಮೇಲೆ ತೇಲುವ ಬೆಣ್ಣೆ. ವಿಮಾನದಲ್ಲಿ ಹೊತ್ತು ತಂದಿದ್ದ ಉದ್ದನೆಯ ಮರದ ಕೊಳವೆಯಲ್ಲಿ ಅಜ್ಜಿ ಅದನ್ನು ಕಡೆದಿದ್ದಳು. ಮಗಳ ಮಿಕ್ಸಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಕೊಟ್ಟದ್ದನ್ನು ಬಿಟ್ಟರೆ ಮನೆಯಾಕೆಗೆ ಅವಮಾನ ಎಂದು ಕಲಿತು ಬೆಳೆದವಳು ನಾನು. ಮುಖ ಸಿಂಡರಿಸದೆ ಬಟ್ಟಲು ಬರಿದು ಮಾಡಿದೆ. ಅಜ್ಜಿ ತುಂಬಿಸಿದಳು. ಮತ್ತೆ ಬರಿದು ಮಾಡಿದೆ, ಮತ್ತೆ ತುಂಬಿಸಿದಳು. ಟೀಚರು ಒಳಗೆ ಫೋನಿನಲ್ಲಿದ್ದಳು, ಬಿಡಿಸುವವರಿಲ್ಲ. ಹೀಗೆ ಏಳು ಬಟ್ಟಲಾಯಿತು.

ಮನೆಗೆ ಬಂದು ಸೋಫಾದ ಮೇಲೆ ಬಿದ್ದೆ.

"ಮಾರಿ ಯಾಕ ಹಿಂಗಾಗೇತಿ?" ಎಂದರು ನನ್ನ ಗಂಡ.

"ಏಳು ಬಟ್ಟಲಾ ಚಾ ಕುಡದ ಬಂದೇನ್ರಿ. ಉಪ್ಪು, ಬೆಣ್ಣಿ ಹಾಕಿದ್ದು."

"ಹಂಗಾರ ಎರಡು ರೊಟ್ಟಿ ಒಯ್ದಿದ್ರ ಊಟಾನೂ ಮುಗೀತಿತ್ತಲ್ಲ!"

ಹೆಂಡತಿಯ ಹೊಟ್ಟೆ ಒಡೆಯುವಂತಿದ್ದರೂ ಈ ಮನುಷ್ಯನಿಗೆ ರೊಟ್ಟಿಯದೇ ಧ್ಯಾನ.

ಮರುದಿನ ಬೆಳಿಗ್ಗೆ ಟೀಚರು ನಗುತ್ತಲೇ ಬಂದಳು. "ದೀದಿ, ನಮ್ಮಲ್ಲಿ ಸಾಕಾದವರು ತುಂಬಿದ ಬಟ್ಟಲನ್ನು ಹಾಗೇ ಬಿಡುತ್ತಾರೆ. ಬರಿದು ಮಾಡಿದರೆ ಇನ್ನೂ ಬೇಕು ಅಂತ." ಆಮೇಲೆ ದನಿ ತಗ್ಗಿಸಿ, "ಅಮ್ಮ ಟಿಕೆಟ್ ಬೇಡ ಅಂದುಬಿಟ್ಟಳು. ಮೇಲಿನ ಮನೆಯ ಹುಡುಗಿಗೆ ಎಷ್ಟು ದಿನದ ಹಸಿವೋ, ತಾಯಿ ಇಲ್ಲವೋ ಏನೋ, ಅದನ್ನು ಬಿಟ್ಟು ಹೇಗೆ ಹೋಗಲಿ ಅಂತಾಳೆ" ಎಂದಳು.

ಐವತ್ತು ದಾಟಿದ ನಾನು ಹುಡುಗಿ! ಜೋರಾಗಿ ನಕ್ಕೆ. ನಗುತ್ತಿದ್ದಂತೆಯೇ ಅಳು ಬಂತು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಉಂಡೆನೋ ಬಿಟ್ಟೆನೋ ಎಂದು ಅಲ್ಲಿಂದೀಚೆಗೆ ಯಾರೂ ಚಿಂತಿಸಿರಲಿಲ್ಲ.

ಸಂಜೆ ಕೆಳಗೆ ಹೋದೆ. ಅಜ್ಜಿ ಬಟ್ಟಲು ತುಂಬಿಸಿ ಎದುರಿಗಿಟ್ಟಳು. ಹಾಗೇ ಬಿಡಬಹುದೆಂದು ಈಗ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ಕುಡಿದು ಬರಿದಾದ ಬಟ್ಟಲನ್ನು ಅವಳ ಮುಂದೆ ಹಿಡಿದೆ. ಇನ್ನೇನು ಮುಚ್ಚಲಿದ್ದ ಕಣಿವೆಯ ದಾರಿ ಮತ್ತೆ ತೆರೆಯಲು ಆರು ತಿಂಗಳಿತ್ತು.