ಕಲಗಚ್ಚಿನ ಬಾನಿಗೆ ಬಿದ್ದ ಹೊಗೆಗುಂಡು

ಅದು 1944ರ ಬೇಸಿಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆಂದು ಬೆಳಕವಾಡಿ ಹತ್ತಿರದ ಸೋದರತ್ತೆಯ ಊರಿಗೆ ಹೋಗಿದ್ದೆ. ಹಿಂದಿನ ಚಳಿಗಾಲದಲ್ಲಿ ಅಲ್ಲಿಯ ಬೋರೆ ದಿಬ್ಬದ ಮೇಲೆ ಪಟಾಲಮ್ಮೊಂದು ಬೀಡುಬಿಟ್ಟು ಕೆರೆಯ ಕಡೆಗೆ ಫಿರಂಗಿ ಹೊಡೆಯುವ ಅಭ್ಯಾಸ ಮಾಡಿತ್ತಂತೆ. ಅದು ನಾನು ಕೇಳಿದ್ದು ಮಾತ್ರ. ಮುಂದಿನದನ್ನು ಕಣ್ಣಾರೆ ಕಂಡೆ ಎಂದೇ ಬಹಳ ಕಾಲ ನಂಬಿದ್ದೆ.

ಕೆರೆ ಬತ್ತುತ್ತಿತ್ತು. ಊರವರು ತಳದ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆಯ ಗಂಡ, ನನ್ನ ಮಾವ, ಗೋಡಿನ ಜೊತೆ ಕೆಸರು ಮೆತ್ತಿದ ಕಬ್ಬಿಣದ ಗುಂಡೊಂದನ್ನೂ ತಂದು ಅಂಗಳದಲ್ಲಿ ಇಳಿಸಿದರು. ಉದ್ದವಾಗಿತ್ತು, ಒಂದು ತುದಿ ಚೂಪು. ಬುಡದ ಸುತ್ತ ತಾಮ್ರದ ಪಟ್ಟಿ. ಮಾವನ ಕಣ್ಣೆಲ್ಲ ಆ ಪಟ್ಟಿಯ ಮೇಲೆ.

“ಯುದ್ಧ ಬಂದ್ಮೇಲೆ ತಾಮ್ರ ಎಲ್ ಸಿಕ್ತದೆ? ಇದ್ನ ಕಿತ್ತು ನಿಂಗೊಂದು ಚೊಂಬು ಮಾಡಿಸ್ಕೊಡ್ತೀನಿ ಕಣಮ್ಮಿ.”

“ಮದ್ವೆ ಆದಾಗ್ನಿಂದ ಇದ್ನೇ ಏಳ್ತಾವ್ರೆ ಕಣ್ ಮಗ,” ಅತ್ತೆ ನನ್ನತ್ತ ತಿರುಗಿ ನಕ್ಕರು.

“ಮಾವ, ಅದು ಫಿರಂಗಿ ಗುಂಡು. ಮುಟ್ಬೇಡಿ,” ಎಂದೆ.

“ಓದ್ಕಂಡೋನು ಕಬ್ಣ ಕಂಡ್ರೂ ಎದ್ರುಕೊತಾನೆ. ಕೆಸರಲ್ಲಿ ಬಿದ್ದಿದ್ದು ಏನ್ಲಾ ಮಾಡ್ತದೆ?”

ಕೆಸರು ಒರೆಸಿ, ಹುಲ್ಲಿನ ಮೆದೆಯ ನೆರಳಲ್ಲಿ ಗುಂಡನ್ನು ಮಲಗಿಸಿ, ಪಟ್ಟಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದರು. ಪ್ರತಿ ಪೆಟ್ಟಿಗೂ ನಾನು ಹಿಂದೆ ಸರಿಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಮಾವ ಮೂಗೆತ್ತಿದರು. “ಏನಮ್ಮಿ, ಬೆಳ್ಳುಳ್ಳಿ ಒಗ್ಗರಣೆ ಆಕ್ದೇನು?”

“ಒಲೇನೇ ಅಚ್ಚಿಲ್ಲ, ಒಗ್ಗರಣೆ ಎಲ್ಲಿಂದ ಬತ್ತದೆ?”

ನನ್ನ ಮೂಗಿಗೂ ಬಡಿಯಿತು. ಆ ವಾಸನೆ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ರಂಜಕವನ್ನು ನೀರು ತುಂಬಿದ ಸೀಸೆಯಲ್ಲಿ ಇಡುತ್ತಿದ್ದರು; ನೀರಿನಿಂದ ತೆಗೆದರೆ ಇದೇ ವಾಸನೆ, ಆಮೇಲೆ ಬೆಂಕಿ. ನೋಡಿದರೆ ಗುಂಡಿನ ಮೈ ಬಿರುಕುಬಿಟ್ಟಿದೆ. ಕೆಸರು ಒಣಗಿದ ಕಡೆಯಿಂದ ಬಿಳಿ ಹೊಗೆ ಎಳೆಯಾಗಿ ಏಳುತ್ತಿದೆ.

“ಮಾವ, ಸುತ್ತಿಗೆ ಬುಡಿ! ಗಾಳಿ ತಗುಲಿದ್ರೆ ಉರಿಯೋ ಮದ್ದು ಅದು. ನೀರಲ್ಲಿ ಮುಳುಗಿಸ್ಬೇಕು!”

ಮಾವ ಸುತ್ತಿಗೆ ಹಿಡಿದೇ ನಿಂತುಬಿಟ್ಟರು. ಬಿರುಕಿನಿಂದ ಉರಿಯುವ ಹನಿಗಳು ಹುಲ್ಲಿನ ಮೇಲೆ ಬಿದ್ದವು. ಮೆದೆಗೆ ಅಂಟಿಕೊಂಡೇ ಕೊಟ್ಟಿಗೆ, ಒಳಗೆ ಕಟ್ಟಿದ ಎತ್ತುಗಳು. ಹೊಗೆ ದಟ್ಟವಾಗಿ ಒಬ್ಬರಿಗೊಬ್ಬರು ಕಾಣದಂತಾಯಿತು.

ಆಮೇಲಿನದು ನನ್ನ ನೆನಪಿನಲ್ಲಿ ಹೀಗಿದೆ: ಅಂಗೈಯಲ್ಲಿ ನೆನೆದ ಗೋಣಿಯ ತಣ್ಣನೆ ಭಾರ. ಅದರಲ್ಲಿ ಸುತ್ತಿದ ಗುಂಡು. ಎತ್ತುಗಳ ಕಲಗಚ್ಚಿನ ಬಾನಿ. ಚುಂಯ್ ಎಂಬ ಸದ್ದು. ಮಾವ ಗಾಡಿಯಲ್ಲಿದ್ದ ಹಸಿ ಗೋಡನ್ನೇ ಬಾಚಿ ಬಾಚಿ ಹುಲ್ಲಿನ ಬೆಂಕಿಯ ಮೇಲೆ ಸುರಿದರು.

ಹೊಗೆ ಸರಿದಾಗ ಅತ್ತೆ ತೋಳು ಹಿಡಿದು ಕೂತಿದ್ದರು. ಕಿಡಿ ಹಾರಿ ತಗುಲಿತೆಂದುಕೊಂಡೆ. ಗಾಡಿ ಕಟ್ಟಿ ಮಳವಳ್ಳಿ ಆಸ್ಪತ್ರೆ ಮುಟ್ಟುವವರೆಗೂ ಆ ತೋಳಿನ ಮೇಲೆ ನೀರು ಹುಯ್ಯುತ್ತಲೇ ಇದ್ದೆ. ನಿಲ್ಲಿಸಿದರೆ ಗಾಯ ಮತ್ತೆ ಹೊಗೆಯಾಡುತ್ತಿತ್ತು.

ಸುದ್ದಿ ತಿಳಿದು ಊರಿಗೆ ಬಂದ ಸೈನ್ಯದ ಹವಾಲ್ದಾರರು ನಮಗೆ ಗುಂಡಿನ ರಚನೆ ವಿವರಿಸಿದರು. ಮೂತಿಯಲ್ಲಿ ಮದ್ದು ಸಿಡಿಸುವ ಕೀಲು, ನಡುವೆ ಸಿಡಿಮದ್ದಿನ ಕೊಳವೆ, ಅದರ ಸುತ್ತ ರಂಜಕ. ಕೊಳವೆ ಸಿಡಿದು ಚಿಪ್ಪು ಒಡೆದರೆ ಸೈನ್ಯವನ್ನು ಮರೆಮಾಡುವಷ್ಟು ಹೊಗೆ. ಇದರಲ್ಲಿ ಚಿಪ್ಪು ಮಾತ್ರ ಬಿರಿದಿತ್ತು, ಕೊಳವೆ ಸಿಡಿದಿರಲಿಲ್ಲ. ಅದನ್ನು ಕೇಳಿ ಮಾವ ಉಳಿಯನ್ನೂ ಸುತ್ತಿಗೆಯನ್ನೂ ಒಳಗೆ ಎತ್ತಿಟ್ಟು ಬಂದರು.

ಎಷ್ಟೋ ವರ್ಷದ ಮೇಲೆ, ಗುಂಡನ್ನು ನಾನು ಹೇಗೆ ಎತ್ತಿ ಬಾನಿಗೆ ಹಾಕಿದೆನೆಂದು ಅತ್ತೆಯ ಎದುರಿಗೇ ನನ್ನ ಹೆಂಡತಿಗೆ ಹೇಳುತ್ತಿದ್ದೆ. ಅತ್ತೆ ಬಿದ್ದು ಬಿದ್ದು ನಕ್ಕರು.

“ನೀನೆತ್ತಿದ್ಯಾ? ಗೋಣಿ ನೆನಸಿ ನನ್ ಕೈಗೆ ಕೊಟ್ಟೆ ಕಣ್ಲಾ! ಎತ್ತಿದೋಳು ನಾನು,” ಎಂದು ಸೆರಗು ಸರಿಸಿ ತೋಳಿನ ಕಲೆ ತೋರಿಸಿದರು.

ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು ನನ್ನ ಅಂಗೈಗಳನ್ನು ನೋಡಿಕೊಂಡೆ. ಒಂದು ಗೆರೆ ಗಾಯವೂ ಇರಲಿಲ್ಲ.

ಗೋಣಿಯ ಆ ತಣ್ಣನೆ ಭಾರ ಈಗಲೂ ಕೈಯಲ್ಲಿದೆ. ಅಲ್ಲಿಯವರೆಗೆ ನೆನಪು ನಿಜ. ಅಲ್ಲಿಂದಾಚೆ ಹೊಗೆಯೊಳಗೆ ನಡೆದವರು ಅತ್ತೆ. ಈಗ ಯಾರು ಕೇಳಿದರೂ ಹಾಗೆಯೇ ಹೇಳುತ್ತೇನೆ. ಹೇಳುವಾಗ ಮಾತ್ರ, ಬಾನಿಗೆ ಗುಂಡು ಇಳಿಸುತ್ತಿರುವ ಕೈಗಳು ನನ್ನವೇ ಆಗಿ ಕಾಣುತ್ತವೆ.