ಅತ್ತೆಯ ಕಡ್ಲೆಹಿಟ್ಟು ಲ್ಯಾಬಿಗೆ ಬಂದದ್ದು

ಬೇಳೆಕಾಳಿನ ಹಿಟ್ಟಿನಲ್ಲಿ ಬೂಷ್ಟಿನ ವಿಷ ಇದೆಯೇ ಎಂದು ನೋಡುವುದು ಮಧುಗಿರಿಯ ಲ್ಯಾಬಿನಲ್ಲಿ ನನ್ನ ಕೆಲಸ. ಸಿರಾ, ಕೊರಟಗೆರೆ ಕಡೆಯ ಗಿರಣಿಗಳಿಂದಲೂ ಹಿಟ್ಟು ಬರುತ್ತದೆ. ಇದೊಂದು ಉದ್ಯೋಗವೆಂದು ನಮ್ಮ ಅತ್ತೆ ಒಪ್ಪಿರಲೇ ಇಲ್ಲ. ಅವರು ಆಂಧ್ರದ ಗಡಿಯ ವೈ.ಎನ್.ಹೊಸಕೋಟೆಯವರು, ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. "ಹಿಟ್ಟು ಮೂಸಿ ನೋಡಕ್ಕೆ ಸಂಬಳ ಕೊಡ್ತಾರಂತೆ" ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಂಗಡಿಯ ಕಡ್ಲೆಹಿಟ್ಟನ್ನು ಅವರು ಮುಟ್ಟುತ್ತಿರಲಿಲ್ಲ. ಮನೆಯ ಮೂಟೆಯಿಂದ ಬೇಳೆ ತೆಗೆದು, ಕೇರಿ, ಗಿರಣಿಗೆ ಹೋಗಿ ಎದುರಿಗೆ ನಿಂತು ಬೀಸಿಸುತ್ತಿದ್ದರು. ಒಮ್ಮೆ ನಾನು ಅಂಗಡಿಯ ಪೊಟ್ಟಣ ತಂದಾಗ ಸವಾಲು ಹಾಕಿಯೇಬಿಟ್ಟರು.

"ಎರಡ್ನೂ ತಗಂಡೋಗಿ ನಿನ್ ಮಿಷನ್ನಿಗೆ ಹಾಕಮ್ಮ. ಅದೇ ಹೇಳ್ಲಿ."

ಹಾಕಿದೆ. ಅಂಗಡಿಯದು ಚೊಕ್ಕಟವಾಗಿತ್ತು. ಅತ್ತೆಯದರಲ್ಲಿ ವಿಷ ಮಿತಿ ಮೀರಿತ್ತು. ನನ್ನದೇ ಏನೋ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಉತ್ತರ.

ಸಂಜೆ ಅವರು ಬಾಗಿಲಲ್ಲೇ ಕಾಯುತ್ತಿದ್ದರು. "ಏನಂತೆ?"

"ಅಂಗಡೀದು ಸರಿಯಾಗೈತೆ ಅತ್ತೆ. ನಮ್ದು ತಿನ್ನಂಗಿಲ್ಲ."

"ನಿನ್ ಮಿಷನ್ಗೆ ತಲೆ ಕೆಟ್ಟೈತೆ!" ಎಂದವರು ತೆಲುಗಿನಲ್ಲೂ ಅದಕ್ಕೆ ಒಂದಷ್ಟು ಬೈದರು. ಆಮೇಲೆ ತಾವೇ ಉಗ್ರಾಣಕ್ಕೆ ಹೋಗಿ ಬೇಳೆಯ ಮೂಟೆ ಸರಿಸಿದರು. ಅದು ಬಚ್ಚಲ ಗೋಡೆಗೆ ಆತುಕೊಂಡಿತ್ತು. ತಳ ಒದ್ದೆ, ಒಳಗೆ ಬೇಳೆ ಹಸಿರುಗಟ್ಟಿ ಉಂಡೆಯಾಗಿತ್ತು.

"ಮ್ಯಾಲೆಲ್ಲಾ ಚೆನ್ನಾಗೈತಲ್ಲಮ್ಮ... ಹುರುದ್ರೆ ಹೋಗಲ್ವಾ?"

"ಹೋಗಲ್ಲ ಅತ್ತೆ."

"ಹಸೂಗೆ ಹಾಕದಾ?"

"ವಿಷ ಹಾಲಿನಾಗೆ ನಮಗೇ ವಾಪಸ್ ಬತ್ತದೆ."

ಅಲ್ಲೇ ಮೂಟೆಯ ಪಕ್ಕ ಕುಳಿತರು. "ಮೊನ್ನೆ ನಿನ್ ಮಗೀಗೆ ಇದ್ರಲ್ಲೇ ಬಜ್ಜಿ ಮಾಡ್ಕೊಟ್ಬುಟ್ನಲ್ಲೇ," ಎಂದರು. ಒಂದೆರಡು ಸಲ ತಿಂದದ್ದಕ್ಕೆ ಅಷ್ಟು ಹೆದರಬೇಕಿಲ್ಲ, ದಿನಾ ತಿನ್ನಬಾರದು ಅಷ್ಟೆ ಎಂದು ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆ. ಮರುದಿನ ಅವರೇ ನಿಂತು, ಹಿತ್ತಲಲ್ಲಿ ಗುಂಡಿ ತೆಗೆಸಿ ಮೂಟೆ ಹೂಳಿಸಿದರು.

ಇನ್ನು ಮನೆಯಲ್ಲಿ ಹಿಟ್ಟಿನ ಮಾತು ನಿಲ್ಲುತ್ತದೆ ಅಂದುಕೊಂಡೆ. ಎಲ್ಲಿಯ ಮಾತು! ಅತ್ತೆ ಬೀದಿಯವರ ಉಗ್ರಾಣಗಳನ್ನೆಲ್ಲ ತಪಾಸಣೆ ಮಾಡಲು ಹೊರಟರು. ಕೊರಟಗೆರೆಯಲ್ಲಿ ನೆಂಟರ ಮದುವೆಗೆ ಹೋದಾಗಲಂತೂ ನೇರ ಅಡುಗೆಯವನ ಬಳಿಗೇ ನುಗ್ಗಿದರು.

"ಈ ಕಡ್ಲೆಹಿಟ್ಟಿನ ಚೀಲ ಎಲ್ಲಿಟ್ಟಿದ್ದೆ? ಗೋಡೆಗೆ ಒರಗಿಸಿದ್ಯಾ?"

"ಇಲ್ಲ ಕಣಮ್ಮ, ಹಲಗೆ ಮ್ಯಾಲೆ ಇಟ್ಟಿದ್ದೆ. ನೀವ್ಯಾರು?"

"ನಾವು ಲ್ಯಾಬ್ ಕಡೇರು."

ನಾನು ಕಂಬದ ಮರೆಗೆ ಸರಿದೆ. ಅವನು ಗಾಬರಿಯಿಂದ ಮೊದಲ ಒಬ್ಬೆ ಬಜ್ಜಿಯನ್ನು ತಟ್ಟೆಗೆ ಹಾಕಿ ಕೊಟ್ಟ. ಅತ್ತೆ ಒಂದನ್ನು ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡು, ಉಪ್ಪು ಕಮ್ಮಿ ಎಂದರು.