ಮೆಸೇಜಿನ ಹಿಂದೆ ಓಡುವವನು

ನಮ್ಮ ಬೀದಿಯ ಪಾರ್ಸೆಲಣ್ಣ ಮಾತಿಗೆ ತಪ್ಪುವವನಲ್ಲ. ಆದರೆ ಮಾತು ಕೊಡುವುದು ಅವನಲ್ಲ, ಕಂಪನಿಯ ಕಂಪ್ಯೂಟರು. 'ನಿಮ್ಮ ಪಾರ್ಸೆಲ್ ಹತ್ತು ನಿಮಿಷದಲ್ಲಿ ತಲುಪಲಿದೆ' ಎಂಬ ಮೆಸೇಜು ತಾನಾಗಿ ಬಂತೆಂದರೆ ಸಾಕು, ಅವನ ಬೈಕು ಬಾಲಕ್ಕೆ ಬೆಂಕಿ ಬಿದ್ದಂತೆ ನುಗ್ಗುತ್ತದೆ. ತಿರುವಿನ ಬೀದಿನಾಯಿಗಳೂ ಎದ್ದು ದಾರಿ ಬಿಡುತ್ತವೆ. "ನಿಧಾನಕ್ಕೆ ಬಾರಪ್ಪ, ನನ್ನ ಮಗೂದು ಡೈಪರ್ ಏನೂ ಓಡಿಹೋಗಲ್ಲ" ಎಂದು ನಾನಂದರೆ, "ಮೆಸೇಜು ಆಗಲೇ ಓಡ್ಬಿಟ್ಟಿದೆಯಲ್ಲಕ್ಕಾ! ತಡವಾದ್ರೆ ಕೆಲಸದಿಂದ ತೆಗೀತಾರೆ" ಎಂದು ನಗುತ್ತಾನೆ. ಮೊನ್ನೆ ಡಬ್ಬ ಕೊಡುವಾಗ ಅವನ ದೊಗಲೆ ಜಾಕೆಟ್ಟು ಮಿಸುಕಿತು. ಅವನು ಜಿಪ್ಪು ಸರಿಸಿದರೆ, ಎದೆಗೆ ಶಾಲಿನಲ್ಲಿ ಕಟ್ಟಿಕೊಂಡ ಹಸುಗೂಸು! "ಇವಳಮ್ಮ ಆಸ್ಪತ್ರೇಲಿದ್ದಾಳೆ, ನೋಡ್ಕೊಳ್ಳೋಕೆ ಯಾರೂ ಇಲ್ಲಕ್ಕಾ" ಎಂದ. ಇವತ್ತು ಮತ್ತೆ ಆ ಮೆಸೇಜು ಬಂದಿದೆ. ಎಲ್ಲೋ ಬ್ರೇಕು ಕಿರುಚಿದರೂ ಬೆಚ್ಚುತ್ತ, ನನ್ನ ಮಗುವನ್ನು ಅವಚಿಕೊಂಡು ಕಿಟಕಿಯಲ್ಲಿ ನಿಂತಿದ್ದೇನೆ. ಎಷ್ಟು ತಡವಾದರೂ ಆಗಲಿ ದೇವರೇ, ಇಬ್ಬರೂ ಬಂದರೆ ಸಾಕು.